ಬಿತ್ತದ ಹೊಲದ ಫೋಟೋ

ನಾನು ತೆಗೆದ ಫೋಟೋಗಳಲ್ಲಿ ಜನ ಮೆಚ್ಚಿದ್ದು ಒಂದೇ ಒಂದು. ಅದರಲ್ಲಿ ಹಿಂದೆ ರತ್ನಗಿರಿಯ ಬೆಟ್ಟ, ಮೇಲೆ ಕರಿ ಮೋಡ, ಸುತ್ತ ಹಸಿರು ಹೊಲಗಳು, ನಡುವೆ ಬಿತ್ತದೆ ಬಿಟ್ಟ ಒಂದು ಕೆಂಪು ಹೊಲ. ಆ ಹೊಲ ಯಾಕೆ ಬಿತ್ತದೆ ಉಳಿಯಿತು ಎಂದು ಫೋಟೋ ನೋಡಿದವರಲ್ಲಿ ಒಬ್ಬರೂ ಕೇಳಲಿಲ್ಲ. ಅದಕ್ಕೆ ಕಾರಣ ನಾನು. ಒಬ್ಬ ಹೆಣ್ಣುಮಗಳ ಒಂದು ವರ್ಷದ ಬೆಳೆ ನನ್ನಿಂದ ಹೋಯಿತು. ಹಾಗಂತ ನಾನು ಯಾರಿಗೂ ಸುಳ್ಳು ಹೇಳಿರಲಿಲ್ಲ. ಅಥವಾ ಒಂದು ಹೇಳಿದ್ದೆ, ಅದೂ ಆಮೇಲೆ. ಎಲ್ಲಿಯವರೆಗೆ ನನ್ನ ತಪ್ಪಿರಲಿಲ್ಲ, ಎಲ್ಲಿಂದ ತಪ್ಪು ಶುರುವಾಯಿತು ಎಂದು ಎಷ್ಟು ಸಲ ಯೋಚಿಸಿದರೂ ಗೆರೆ ಸಿಗುತ್ತಿಲ್ಲ. ನೆನಪಿದ್ದಷ್ಟು ಬರೆಯುತ್ತೇನೆ.

ನಾನು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಸ್ಟರ್. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಎಲ್ಲಕ್ಕಿಂತ ಮೇಲಿನ ಪದರದಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆದು, ಆ ಗೆರೆಯ ಮೇಲೆ ಮಿಷನ್ ಓಡಿಸುವುದು ನನ್ನ ಕೆಲಸ. ಗೆರೆ ಒಂದು ಬೆರಳು ತಪ್ಪಿದರೆ ಒಂದೇ ಏಟಿಗೆ ಅಷ್ಟೂ ಪ್ಯಾಂಟು ಹಾಳು. ಹಾಗಾಗಿ ಗುರುತು ಹಾಕದೆ ಕೈ ಎತ್ತುವವನಲ್ಲ ನಾನು. ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಬೇಕಾದರೂ ಮೊದಲು ಪೆನ್ಸಿಲ್ ಗುರುತು ಬೀಳಬೇಕು. ನನ್ನ ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ರೋಗವೋ ಏನೋ, ಅನ್ನ ಹಾಕಿದ್ದು ಅದೇ.

ಕ್ಯಾಮೆರಾದ ಹುಚ್ಚು ಹಿಡಿದದ್ದು ಫೋನಿನಿಂದ. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಫೋನು ತೆರೆದರೆ ಅದು ನನಗೆ ಕಡಲು ತೋರಿಸುತ್ತಿತ್ತು. ನಾನು ಕೇಳಿರಲಿಲ್ಲ. ಒಂದು ಸಲ ಬೆರಳು ನಿಂತಿದ್ದಕ್ಕೆ ಮರುದಿನದಿಂದ ಬರೀ ಅವೇ. ಬಂಡೆಗೆ ಬಡಿಯುವ ಅಲೆ, ಕಾಡಿನ ಜಲಪಾತ, ಹಿಮದ ಬೆಟ್ಟ, ನಕ್ಷತ್ರ ಕಿಕ್ಕಿರಿದ ಆಕಾಶ. ಆ ಫೋಟೋಗಳಲ್ಲಿ ನೀರು ನೀರಿನಂತೆ ಇರುವುದಿಲ್ಲ, ಕೆನೆಗಟ್ಟಿದ ಹಾಲಿನಂತೆ ಇರುತ್ತದೆ. ಇದು ಹೇಗೆ ಆಗುತ್ತದೆ ಎಂದು ನನಗೆ ತಲೆಬುಡ ತಿಳಿಯಲಿಲ್ಲ. ಊರಿನ ಮದುವೆ ಫೋಟೋಗ್ರಾಫರ್ ಒಬ್ಬರನ್ನು ಕೇಳಿದೆ. ಅವರು ಹೊಸ ಕ್ಯಾಮೆರಾ ಕೊಂಡು ಹಳೆಯದನ್ನು ಯಾರ ತಲೆಗೆ ಕಟ್ಟಲಿ ಎಂದು ಕಾಯುತ್ತಿದ್ದರು. ಮೂರು ಕಾಲಿನ ಸ್ಟ್ಯಾಂಡ್ ಸಮೇತ ನನ್ನ ತಲೆಗೆ ಕಟ್ಟಿದರು.

ಕ್ಯಾಮೆರಾ ಬಂತು, ಕಡಲು ಎಲ್ಲಿಂದ ತರಲಿ? ನಮ್ಮೂರಲ್ಲಿ ಜಲಪಾತ ಎಂದರೆ ಓವರ್‌ಹೆಡ್ ಟ್ಯಾಂಕು ತುಂಬಿ ಸುರಿಯುವುದು. ಅದೂ ವಾರಕ್ಕೆ ಎರಡೇ ದಿನ. ಫೋನಿನಲ್ಲಿ ಇಂಥ ಫೋಟೋ ತೆಗೆಯುವವರದೇ ಒಂದು ಗುಂಪಿತ್ತು, ಅದಕ್ಕೆ ಸೇರಿಕೊಂಡೆ. ಗುಂಪು ನಡೆಸುವ ಹಿರಿಯರು ಒಬ್ಬರಿದ್ದರು. ಅವರನ್ನು ನಾನು ಇವತ್ತಿಗೂ ನೋಡಿಲ್ಲ, ಧ್ವನಿ ಮಾತ್ರ ಗೊತ್ತು. ಅವರ ಕಟ್ಟಳೆಗಳು ಬಹಳ ಬಿಗಿ. ಚಿತ್ರದಲ್ಲಿ ಮನುಷ್ಯರು ಇರಬಾರದು, ಕರೆಂಟಿನ ತಂತಿ ಇರಬಾರದು, ಮನುಷ್ಯ ಕಟ್ಟಿದ್ದು ಏನೂ ಇರಬಾರದು. ನಾನು ಹೇಮಾವತಿ ಎಂಬ ಊರಿನ ಹಳೆ ಗುಡಿಯ ಕಂಬಗಳ ಮೇಲೆ ಬಿದ್ದ ಬೆಳಕನ್ನು ತೆಗೆದು ಕಳಿಸಿದೆ. ಚೆನ್ನಾಗಿದೆ, ಆದರೆ ಇದು ನಮ್ಮ ಗುಂಪಿನದಲ್ಲ ಎಂದು ಉತ್ತರ ಬಂತು. ಬೆಟ್ಟ ತೆಗೆಯೋಣ ಎಂದರೆ ಬೆಳುಗುಪ್ಪದ ಕಡೆ ಯಾವ ಗುಡ್ಡಕ್ಕೆ ಕ್ಯಾಮೆರಾ ತಿರುಗಿಸಿದರೂ ಸಾಲಾಗಿ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳು, ಒಂದೊಂದಕ್ಕೆ ಮೂರು ಮೂರು ರೆಕ್ಕೆ. ನಾನು ಸಿಟ್ಟಾಗಿ ಗುಂಪಿನಲ್ಲೇ ಬರೆದೆ, ನಮ್ಮ ಕಡೆ ದೇವರು ಮಾಡಿದ್ದು ಬರೀ ಬಂಡೆ, ಉಳಿದದ್ದೆಲ್ಲ ಮನುಷ್ಯರು ಮಾಡಿದ್ದು ಅಂತ. ಅದಕ್ಕೆ ಆ ಹಿರಿಯರು ತಾಳ್ಮೆಯಿಂದ ಒಂದು ಮಾತು ಹೇಳಿದರು. ಒಂದೇ ಜಾಗ ಆರಿಸಿಕೊಳ್ಳಿ, ಅಲ್ಲಿಗೇ ಬೇಸಿಗೆಯಲ್ಲಿ, ಮಳೆಯಲ್ಲಿ, ಚಳಿಯಲ್ಲಿ ಹೋಗಿ, ಅದೇ ಕಡೆ ನಿಂತು ಅದೇ ಚೌಕಟ್ಟು ತೆಗೆಯಿರಿ, ಆಗ ಬಂಡೆಯೂ ಮಾತಾಡುತ್ತದೆ.

ಅದೇ ಕಡೆ ನಿಂತು ಎಂಬ ಮಾತು ನನಗೆ ಚೆನ್ನಾಗಿ ಹಿಡಿಸಿತು. ಅದು ನನ್ನ ಕಸುಬಿನ ಮಾತು.

ನನ್ನ ಹೆಂಡತಿಯ ತವರು ಮಡಕಶಿರಾ ಕಡೆ, ರೊಳ್ಳದ ಹತ್ತಿರದ ಒಂದು ಹಳ್ಳಿ. ಮೊದಲು ರಾಯದುರ್ಗವೂ ಅದೂ ಒಂದೇ ಜಿಲ್ಲೆ, ಈಗ ಬೇರೆ ಮಾಡಿದ್ದಾರೆ, ಬಸ್ಸಿನಲ್ಲಿ ಅರ್ಧ ದಿನ ಹೋಗುವುದು ಮಾತ್ರ ತಪ್ಪಿಲ್ಲ. ಬೇಸಿಗೆಯಲ್ಲಿ ನಮ್ಮ ಜೀನ್ಸ್ ಯೂನಿಟ್ಟಿಗೆ ವಾರ ರಜೆ ಬಂದಾಗ ಅಲ್ಲಿಗೆ ಹೋದೆವು. ಸಂಜೆ ಬಾಮೈದನ ಬೈಕು ತೆಗೆದುಕೊಂಡು ರತ್ನಗಿರಿಯ ಹಿಂಬದಿಗೆ ಹೊರಟೆ. ಊರ ಕಡೆಯಿಂದ ನೋಡಿದರೆ ಬೆಟ್ಟದ ಮೇಲೆ ಕೋಟೆ ಕಾಣುತ್ತದೆ, ಗುಂಪಿನವರು ಒಪ್ಪುವುದಿಲ್ಲ. ಹಿಂಬದಿಯಿಂದ ಬರೀ ಬೆಟ್ಟ. ತಂತಿ ಇಲ್ಲ, ಫ್ಯಾನು ಇಲ್ಲ. ಉತ್ತು ಬಿಟ್ಟ ಕೆಂಪು ಹೊಲದ ನಡುವೆ ನಿಂತಾಗ ಬೆಟ್ಟ ಪೂರಾ ಚೌಕಟ್ಟಿನೊಳಗೆ ಬಂತು. ನಾನು ಬಾಯಿಬಿಟ್ಟು ನಕ್ಕೆ.

ಹೊಲದಲ್ಲಿ ಒಬ್ಬ ಹೆಂಗಸು ಹಳೆ ಬೆಳೆಯ ಕೂಳೆ ಆರಿಸುತ್ತಿದ್ದಳು. ಐವತ್ತು ದಾಟಿರಬಹುದು, ತಲೆಗೆ ಟವೆಲ್ ಸುತ್ತಿಕೊಂಡಿದ್ದಳು. ಹೊಲ ಆಕೆಯದೇ ಎಂದು ಆಮೇಲೆ ತಿಳಿಯಿತು. ಆಕೆ ಸರಿಯಾಗಿ ಬೆಟ್ಟದ ಬುಡಕ್ಕೆ ಬರುವಂತೆ ನಿಂತಿದ್ದಳು, ಮನುಷ್ಯರು ಇರಬಾರದಲ್ಲ, ಹೋಗಲಿ ಎಂದು ನಾನು ಕಾದೆ. ನಾನು ಏನು ಮಾಡುತ್ತೇನೋ ನೋಡೋಣ ಎಂದು ಆಕೆ ಕಾದಳು. ಹೀಗೆ ಇಬ್ಬರೂ ಸುಮಾರು ಹೊತ್ತು ಒಬ್ಬರನ್ನೊಬ್ಬರು ಕಾದೆವು. ಕೊನೆಗೆ ಸ್ವಲ್ಪ ಬದಿಗೆ ಹೋಗಿರಮ್ಮ ಎಂದು ಕೇಳಿಕೊಂಡೆ. ಆಕೆ ದಡಬಡಿಸಿ ಹೋಗಿ ಬೇವಿನ ಮರದ ಕೆಳಗೆ ನಿಂತಳು. ಯಾಕೆ ಕೈ ಮುಗಿದಳೋ ತಿಳಿಯಲಿಲ್ಲ, ನಾನೂ ಮುಗಿದೆ.

ಗಾಳಿ ಜೋರಾಗಿತ್ತು. ಸ್ಟ್ಯಾಂಡು ಅಲ್ಲಾಡಿದರೆ ಫೋಟೋ ಕೆಟ್ಟಂತೆ. ಕರ್ಚೀಫು ಎತ್ತಿ ಹಿಡಿದು ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿದೆ, ಸ್ಟ್ಯಾಂಡಿನ ಕಾಲು ಆ ಕಡೆ ತಿರುಗಿಸಿದೆ, ಚೀಲಕ್ಕೆ ಕಲ್ಲು ತುಂಬಿ ಭಾರ ನೇತುಹಾಕಿದೆ. ಸಿಟ್ಟಿನಲ್ಲಿ ಇಲ್ಲಿ ಗಾಳಿ ಬಹಳ ಎಂದು ಗೊಣಗಿದೆ. ಆಕೆಗೆ ಕೇಳಿಸಿತು.

“ಗಾಳಿಗೇನೂ ಕಮ್ಮಿ ಇಲ್ಲ ಸಾರ್. ವರ್ಸೆಲ್ಲಾ ಬೀಸ್ತೈತೆ. ಪಕ್ಕದ ಒಲಗಳಿಗಿಂತ ನಮ್ಮ ಒಲದಾಗೇ ಜಾಸ್ತಿ” ಎಂದಳು.

ಗಾಳಿಯ ಬಗ್ಗೆ ಹೀಗೆ ಹೆಮ್ಮೆ ಪಡುವವರನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಎಂದುಕೊಂಡು ಕ್ಯಾಮೆರಾ ಕಡೆ ತಿರುಗಿದೆ. ಬೆಳಕು ಬಂತು, ಫೋಟೋ ತೆಗೆದೆ. ತೆಗೆದ ಮೇಲೆ ನನ್ನ ರೋಗ ಎದ್ದಿತು. ಮಳೆಗಾಲದಲ್ಲಿ ಬಂದಾಗ ಇದೇ ಜಾಗ ಹೇಗೆ ಹುಡುಕಲಿ? ಹೆಜ್ಜೆಯಲ್ಲಿ ಅಳತೆ ಹಾಕಿದೆ, ಬೇವಿನ ಮರದಿಂದ ಎಷ್ಟು, ಬದುವಿನಿಂದ ಎಷ್ಟು. ಅದೂ ಸಾಲದೆ ದಾರಿಯಂಚಿನ ಅಂಗಡಿಯಿಂದ ಸುಣ್ಣ ತಂದು, ಒಂದು ಚಪ್ಪಟೆ ಕಲ್ಲಿಗೆ ಬಳಿದು, ಸ್ಟ್ಯಾಂಡು ನಿಂತಿದ್ದ ಜಾಗದಲ್ಲಿ ಹೂತೆ. ಅದರ ಮೇಲೆ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಿಂದ ಬೆಟ್ಟದ ಕಡೆಗೆ ಒಂದು ಬಾಣ, ಪಕ್ಕಕ್ಕೆ ಒಂದು ಅಂತ ಅಂಕಿ. ಮೊದಲ ಜಾಗ ಎಂದು ನನ್ನ ಲೆಕ್ಕ. ಆಕೆ ಹತ್ತಿರ ಬಂದು ಕಲ್ಲನ್ನೇ ನೋಡುತ್ತ ನಿಂತಳು. ಯಾವೂರು ಎಂದು ಕೇಳಿದಳು. ರಾಯದುರ್ಗ ಎಂದೆ. ಬೆಳುಗುಪ್ಪದ ಹತ್ತಿರವಾ ಎಂದಳು. ಅಲ್ಲೇ ಪಕ್ಕ ಎಂದೆ. ಆಕೆಯ ಮುಖ ಅರಳಿತು. ಅಲ್ಲಿ ಯಾರೋ ನೆಂಟರಿರಬೇಕು ಎಂದುಕೊಂಡೆ.

“ಈ ಕಲ್ಲಿನತ್ರ ಬಿತ್ತಬೋದಾ ಸಾರ್?”

“ಎತ್ತರ ಬೆಳೆಯೋದು ಏನೂ ಬ್ಯಾಡ್ರಿ ಅಮ್ಮ. ತೊಗರಿ, ಜ್ವಾಳ ಬ್ಯಾಡ, ಗುಡ್ಡಕ್ಕ ಅಡ್ಡ ಬರ್ತೈತಿ. ಕಲ್ಲು ಮಾತ್ರ ಕೀಳಬ್ಯಾಡ್ರಿ. ಮಳಿ ಹಿಡಿದ ಮ್ಯಾಲೆ ನಾ ಮತ್ತ ಬರ್ತೀನಿ.”

ನಾನು ಆಡಿದ್ದು ಇಷ್ಟೇ. ಅಕ್ಷರ ಅಕ್ಷರ ನೆನಪಿದೆ, ಯಾಕೆಂದರೆ ಆಮೇಲೆ ಇದನ್ನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇದರಲ್ಲಿ ಸುಳ್ಳೆಲ್ಲಿದೆ? ಆದರೆ ನಾನು ಫೋಟೋ ತೆಗೆಯುವವನು ಎಂಬ ಒಂದು ಮಾತನ್ನೂ ಇದರಲ್ಲಿ ಆಡಿಲ್ಲ. ಕ್ಯಾಮೆರಾ ಕಣ್ಣೆದುರಿಗೇ ಇತ್ತಲ್ಲ, ಹೇಳಬೇಕು ಎಂದು ಹೊಳೆಯಲಿಲ್ಲ.

ಮರುದಿನ ಸಂಜೆ ಮತ್ತೆ ಹೋದೆ. ಅಕ್ಕಪಕ್ಕದ ಹೊಲದ ಇಬ್ಬರು ಗಂಡಸರು ಬೇವಿನ ಮರದ ಕೆಳಗೆ ಕಾದು ಕೂತಿದ್ದರು. ಚೊಂಬಿನಲ್ಲಿ ಮಜ್ಜಿಗೆ ಕೊಟ್ಟರು. ನಾನು ಹೆಜ್ಜೆ ಅಳೆಯುವುದನ್ನು ನೋಡಿದರು. ಆಮೇಲೆ ಒಬ್ಬರು ಬಹಳ ಸಂಕೋಚದಿಂದ, ನಮ್ಮ ಹೊಲದಲ್ಲೂ ಒಂದು ಕಲ್ಲು ಇಡಬಹುದಾ ಎಂದು ಕೇಳಿದರು.

ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಖುಷಿಯಾಯಿತು. ರಾಯದುರ್ಗದಲ್ಲಿ ನನ್ನ ಕ್ಯಾಮೆರಾ ನೋಡಿ ನಗದವರಿಲ್ಲ. ಕಟಿಂಗ್ ಮಾಸ್ಟರಿಗೆ ಇದೆಲ್ಲ ಯಾಕೆ, ಸುಮ್ಮನೆ ಪ್ಯಾಂಟು ಕತ್ತರಿಸಬಾರದಾ ಎನ್ನುತ್ತಾರೆ. ದೂರದ ಬೆಟ್ಟ ನುಣ್ಣಗೆ ಅಂತ ಹಿರಿಯರು ಸುಮ್ಮನೆ ಹೇಳಿದರಾ, ಹತ್ತಿರ ಹೋಗಿ ಯಾಕೆ ನೋಡ್ತೀಯಾ ಎಂದು ನಮ್ಮ ಯೂನಿಟ್ಟಿನ ಟೈಲರೊಬ್ಬ ದಿನಾ ಕಾಡುತ್ತಾನೆ. ಇಲ್ಲಿ ನೋಡಿದರೆ ರೈತರು ತಾವಾಗಿ ಬಂದು ನಮ್ಮ ಹೊಲದಿಂದಲೂ ಬೆಟ್ಟ ನೋಡಿ ಎನ್ನುತ್ತಿದ್ದಾರೆ. ಕೊನೆಗೂ ತಿಳಿದವರು ಸಿಕ್ಕರು ಎಂದುಕೊಂಡೆ. ಇಬ್ಬರ ಹೊಲದಲ್ಲೂ ನಿಂತು, ಕಣ್ಣು ಕಿರಿದು ಮಾಡಿ ನೋಡಿ, ಒಂದೊಂದು ಕಲ್ಲಿಗೆ ಸುಣ್ಣ ಬಳಿದು ಹೂತೆ. ಎರಡು, ಮೂರು ಎಂದು ಅಂಕಿ ಬರೆದೆ. ಒಬ್ಬರು ಹೊಲ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಪಾಸ್‌ಬುಕ್ಕಿನ ಜೆರಾಕ್ಸ್ ಕೊಟ್ಟರು. ಹೊಲದ ಪಾಸ್‌ಬುಕ್ಕು ನನಗೇಕೆ? ಒಂದು ಕ್ಷಣ ಗೊಂದಲವಾಯಿತು. ಫೋಟೋದ ಕೆಳಗೆ ಹೊಲದವರ ಹೆಸರು ಹಾಕಲಿ ಎಂದಿರಬೇಕು ಎಂದು ಮಡಚಿ ಕ್ಯಾಮೆರಾ ಚೀಲದಲ್ಲಿ ಇಟ್ಟುಕೊಂಡೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆವತ್ತು ಅದು ಸಹಜವಾಗೇ ಕಂಡಿತ್ತು.

ಮುಂಗಾರು ಬಂತು. ಯೂನಿಟ್ಟಿನಲ್ಲಿ ಕೆಲಸ ಮೈಮೇಲೆ ಬಿದ್ದು ನಾನು ಹೊರಡುವಾಗ ಶ್ರಾವಣವೇ ಆಗಿತ್ತು. ಹೆಂಡತಿ ಈ ಸಲ ಬರಲಿಲ್ಲ. ಅತ್ತೆಮನೆಯಲ್ಲಿ ಚೀಲ ಇಟ್ಟವನೇ ರತ್ನಗಿರಿಯ ಹಿಂಬದಿಗೆ ಹೋದೆ. ಹಿಂದಿನ ದಿನ ಒಳ್ಳೆಯ ಮಳೆ ಬಿದ್ದಿತ್ತು, ಹೊಲಕ್ಕೆ ಇಳಿದ ಕೂಡಲೇ ಚಪ್ಪಲಿಗೆ ಕೆಂಪು ಮಣ್ಣು ಮೆತ್ತಿಕೊಂಡಿತು. ಸುತ್ತ ಎಲ್ಲ ಹೊಲಗಳಲ್ಲೂ ಕಡ್ಲೆಕಾಯಿ ಗಿಡ ಗೇಣುದ್ದ ಎದ್ದಿದ್ದವು. ನಡುವೆ ನನ್ನ ಒಂದನೇ ಕಲ್ಲಿನ ಹೊಲ ಮಾತ್ರ ಖಾಲಿ. ಖಾಲಿ ಎಂದರೆ ಹಾಗೇ ಬಿಟ್ಟದ್ದೂ ಅಲ್ಲ. ಕಳೆ ಕಿತ್ತು, ಗುಡಿಸಿದಂತೆ ಇಟ್ಟಿದ್ದರು. ಮಳೆಗೆ ಸುಣ್ಣ ತೊಳೆದುಹೋಗಿರಬೇಕಿತ್ತು, ಯಾರೋ ಹೊಸದಾಗಿ ಬಳಿದಿದ್ದರು. ನೀಲಿ ಬಾಣವನ್ನೂ ತಿದ್ದಿದ್ದರು.

ನನಗೆ ವಿಚಿತ್ರ ಎನಿಸಿತು. ಆದರೆ ಆಗ ಬೆಟ್ಟದ ಹಿಂದಿನಿಂದ ಮೋಡ ಏರುತ್ತಿತ್ತು, ಪಡುವಣದ ಬಿಸಿಲು ಅಡ್ಡಕ್ಕೆ ಬಂದು ಆ ಕೆಂಪು ನೆಲದ ಮೇಲೆ ಬಿದ್ದಿತ್ತು. ಎಲ್ಲ ಹಸಿರಿನ ನಡುವೆ ಅಷ್ಟು ಕೆಂಪು. ನಾನು ಬೇರೆ ಏನನ್ನೂ ಯೋಚಿಸದೆ ಸ್ಟ್ಯಾಂಡು ನಿಲ್ಲಿಸಿದೆ. ಆ ಹತ್ತು ನಿಮಿಷ ನನ್ನ ಜೀವಮಾನದಲ್ಲೇ ನಾನು ಅತಿ ಚೆನ್ನಾಗಿ ಕೆಲಸ ಮಾಡಿದ ಹತ್ತು ನಿಮಿಷ. ಸದ್ಯ ಬಿತ್ತಿಲ್ಲ, ಬಿತ್ತಿದ್ದರೆ ಈ ಬಣ್ಣ ಎಲ್ಲಿ ಸಿಗುತ್ತಿತ್ತು ಎಂದು ಮನಸ್ಸಿನಲ್ಲಿ ಅಂದುಕೊಂಡದ್ದೂ ನಿಜ. ಇದನ್ನು ಬರೆಯದೆ ಬಿಡಬಹುದಿತ್ತು, ಬರೆದಿದ್ದೇನೆ.

ಆಕೆ ಬಂದಳು. ಓಡಿ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು. ನನಗೆ ಮಾತೇ ಬೇಕಾಗಿರಲಿಲ್ಲ, ಕ್ಯಾಮೆರಾದ ಪರದೆ ನೋಡಿಕೊಳ್ಳುತ್ತಿದ್ದೆ. ಆಕೆ ಅಂಗೈ ಒರೆಸಿಕೊಂಡು ಕೇಳಿದಳು.

“ಫ್ಯಾನು ಯಾವಾಗ ಬತ್ತೈತೆ ಸಾರ್?”

ಯಾವ ಫ್ಯಾನು ಎಂದೆ. ಆಕೆ ನಕ್ಕಳು, ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು. ಕಲ್ಲು ನೀವೇ ಇಟ್ಟಿರಲ್ಲ, ಗಾಳಿ ನೀವೇ ನೋಡಿದಿರಲ್ಲ ಎಂದಳು. ಬೆಳುಗುಪ್ಪದ ಕಡೆಯಲ್ಲೂ ಮೊದಲು ಹೀಗೇ ಮೂರು ಕಾಲಿನ ಮಿಷನ್ನು ತಂದು ನೋಡಿ, ಸುಣ್ಣದ ಕಲ್ಲಿಟ್ಟು ಹೋದರಂತೆ, ಆಮೇಲೆ ಆ ಕಲ್ಲಿದ್ದ ಜಾಗದಲ್ಲೇ ಗುಂಡಿ ತೋಡಿದರಂತೆ. ಆಕೆಯ ಗಂಡ ದಿನಾ ಮುಂಜಾನೆ ಬಸ್ಸಿಗೆ ಹಿಂದೂಪುರಕ್ಕೆ ಕಟ್ಟಡದ ಕೂಲಿಗೆ ಹೋಗುತ್ತಾನೆ, ಕತ್ತಲಾದ ಮೇಲೆ ಬರುತ್ತಾನೆ, ಈಗ ಮಂಡಿ ನೋವು. ಫ್ಯಾನು ಬಂದರೆ ಹೊಲದವರಲ್ಲೇ ಒಬ್ಬರಿಗೆ ವಾಚ್‌ಮನ್ ಕೆಲಸ ಕೊಡುತ್ತಾರಂತೆ. ಗಂಡ ತನ್ನ ಹೊಲದಲ್ಲೇ ಕುರ್ಚಿ ಹಾಕಿಕೊಂಡು ಕೂರಲಿ ಎಂಬುದು ಆಕೆಯ ಆಸೆ. ಗಂಡ ಬಿತ್ತೋಣ ಎಂದನಂತೆ. ಎತ್ತರದ್ದು ಬೇಡ ಎಂದು ಸಾರ್ ಹೇಳಿದ್ದಾರೆ, ಕಡ್ಲೆಕಾಯಿ ಹಾಕಿದ ಮೇಲೆ ಅವರು ಬಂದು ಬೆಳೆ ಇದೆ ಅಂತ ಪಕ್ಕದ ಹೊಲಕ್ಕೆ ಹೋಗಿಬಿಟ್ಟರೆ ಎಂದು ಆಕೆ ಜಗಳ ಮಾಡಿ ತಡೆದಳಂತೆ. ಎರಡನೇ ಕಲ್ಲಿನವರೂ ಮೂರನೇ ಕಲ್ಲಿನವರೂ ಸ್ವಲ್ಪ ದಿನ ನೋಡಿ, ಕಲ್ಲು ಕಿತ್ತು ಬದುವಿಗೆ ಎಸೆದು ಬಿತ್ತಿಕೊಂಡಿದ್ದರು. ಕಾದವಳು ಆಕೆ ಒಬ್ಬಳೇ.

ಫ್ಯಾನುಗಳಿಂದ ತಪ್ಪಿಸಿಕೊಳ್ಳಲೆಂದೇ ನಾನು ಅಷ್ಟು ದೂರ ಹೋದವನು. ಅಲ್ಲಿ ನಾನೇ ಫ್ಯಾನಿನವನಾಗಿದ್ದೆ. ಮಜ್ಜಿಗೆ, ಜೆರಾಕ್ಸು, ಗಾಳಿಯ ಹೆಮ್ಮೆ, ಎಲ್ಲ ಒಂದೇ ಸಲ ತಲೆಯೊಳಗೆ ಬಂದು ನಿಂತವು. ನಾನು ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆಕೆ ಹೊಸದಾಗಿ ಸುಣ್ಣ ಬಳಿದ ಕಲ್ಲಿನ ಪಕ್ಕ ನಿಂತು ನನ್ನ ಮುಖ ನೋಡುತ್ತಿದ್ದಳು.

“ಕೇಳಿ ಹೇಳ್ತೀನ್ರಿ ಅಮ್ಮ” ಎಂದೆ.

ಯಾರನ್ನು ಕೇಳಿ? ನನಗೂ ಗೊತ್ತಿಲ್ಲ. ನಾಲಿಗೆಗೆ ಆ ಮಾತು ಎಲ್ಲಿಂದ ಬಂತೋ ಬಂತು. ಆಕೆ ತಲೆ ಆಡಿಸಿದಳು, ಸಮಾಧಾನವಾದಂತೆ ಕಂಡಳು. ಬೈಕು ಹತ್ತುವಾಗ ಚಪ್ಪಲಿಯ ಮಣ್ಣು ಕೊಡವಲು ಹೋದೆ, ಅದು ಬಿಡಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ, ಅರ್ಧ ನಗುತ್ತಲೇ ಹೇಳಿದೆ ಎಂದು ನೆನಪು. ನಗುವಂಥದ್ದು ಅದರಲ್ಲಿ ಏನಿತ್ತೋ. ಅವಳು ನಗಲಿಲ್ಲ. ಕ್ಯಾಮೆರಾ ಚೀಲ ಕೊಡವಿ ಆ ಜೆರಾಕ್ಸ್ ತೆಗೆದು ನೋಡಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, “ಒಲದಾಗೆ ಅದ ಇತ್ತಾ?” ಅವಳ ಕಡೆಯವರ ಬಾಯಲ್ಲಿ ಹದ ಅದವಾಗುತ್ತದೆ. ಹದ ಎಂದರೆ ಬೀಜ ಮೊಳೆಯುವಷ್ಟು ನೆಲದ ತೇವ ಎಂಬುದು ನನಗೂ ಗೊತ್ತು, ಆದರೆ ಪ್ಯಾಂಟು ಕತ್ತರಿಸುವವನು ಅದನ್ನು ನೋಡುವುದಿಲ್ಲ. ಚಪ್ಪಲಿಗೆ ಮಣ್ಣು ಮೆತ್ತಿತ್ತು ಎಂದೆ.

“ಅಂಗಾರೆ ನಾಳೆನೇ ಓಗಿ ಏಳಿ. ಕಡ್ಲೆಕಾಯಿ ಟೈಮು ಓಯ್ತು, ಉಳ್ಳಿ ಆಕ್ಬೋದು. ನಾಕು ದಿನ ಬಿಸ್ಲು ಕಾದ್ರೆ ಅದೂ ಇಲ್ಲ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅಂದಂಗಾಯ್ತು ನಿಮ್ಮ ಫೋಟೋ” ಎಂದಳು.

ಉಳ್ಳಿ ಎಂದರೆ ಹುರುಳಿ. ಹಿಂದೆ ಬಿದ್ದ ಹೊಲಕ್ಕೆ ಕೊನೆಯ ಗತಿ ಅದೇ, ಒಂದು ಹದ ಮಳೆ ಸಾಕು ಅದಕ್ಕೆ. ನಾಳೆ ಹೋಗುತ್ತೇನೆ ಎಂದೆ. ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಎಂದು ಕೇಳಿದರೆ ಕಾರಣಗಳು ಬೇಕಾದಷ್ಟಿವೆ. ಯೂನಿಟ್ಟಿನಲ್ಲಿ ಅರ್ಜೆಂಟು ಆರ್ಡರಿತ್ತು, ಅದು ನಿಜ. ಆಕೆಯ ಫೋನ್ ನಂಬರು ಇರಲಿಲ್ಲ, ಅದೂ ನಿಜ. ಬಾಮೈದನಿಗೆ ಫೋನು ಮಾಡಿ ಹೋಗಿ ಹೇಳು ಎನ್ನಬಹುದಿತ್ತು. ಹೆಂಡತಿಯೂ ಅದನ್ನೇ ಅಂದಳು. ನನ್ನ ಮಾತು ನಾನೇ ಹೇಳಬೇಕು, ಇನ್ನೊಬ್ಬರ ಕೈಲಿ ಹೇಳಿಸುವುದು ಸರಿಯಲ್ಲ ಎಂದು ದೊಡ್ಡ ಮನುಷ್ಯನಂತೆ ತಡೆದೆ. ಅದು ನಿಯತ್ತೋ, ಅತ್ತೆಮನೆಯಲ್ಲಿ ನಗೆಪಾಟಲಾದೇನು ಎಂಬ ಹೆದರಿಕೆಯೋ, ಆಗ ನನಗೆ ಬೇರೆ ಮಾಡಿ ನೋಡಲು ಆಗಲಿಲ್ಲ. ಈಗ ಆಗುತ್ತದೆ. ಹೆದರಿಕೆ.

ಇನ್ನೊಂದು ಕಾರಣವಿದೆ. ಎರಡನೇ ದಿನ ಆ ಫೋಟೋವನ್ನು ಗುಂಪಿಗೆ ಕಳಿಸಿದೆ. ಕಳಿಸಬೇಕೋ ಬೇಡವೋ ಎಂದು ಬೆರಳು ಸ್ವಲ್ಪ ತಡೆಯಿತು, ಆಮೇಲೆ ಒತ್ತಿತು. ಫೋನು ಗುಯ್‌ಗುಡಲು ಶುರುವಾದದ್ದು ನಿಲ್ಲಲೇ ಇಲ್ಲ. ಕಡಲ ತೀರದವರು, ಘಟ್ಟದವರು, ವರ್ಷಗಟ್ಟಲೆ ಜಲಪಾತವನ್ನೇ ತೆಗೆದವರು ನನಗೆ ಕೈ ಮುಗಿಯುವ ಚಿತ್ರ ಕಳಿಸಿದರು. ಧ್ವನಿ ಮಾತ್ರ ಗೊತ್ತಿದ್ದ ಆ ಹಿರಿಯರು ಫೋನು ಮಾಡಿ, ಆ ಖಾಲಿ ನೆಲವೇ ಚಿತ್ರದ ಪ್ರಾಣ, ಅದನ್ನು ನೋಡುವ ಕಣ್ಣು ನಿಮಗಿದೆ ಎಂದರು. ಗುಂಪಿನ ಮುಖಚಿತ್ರ ಮಾಡಿದರು. ನಮ್ಮ ಯೂನಿಟ್ಟಿನ ಆ ಟೈಲರೂ ಸೂಜಿ ನಿಲ್ಲಿಸಿ ನೋಡಿದ. ನನಗೆ ಸಂತೋಷವಾಯಿತು. ಹೊಗಳಿಕೆ ಬಂದಾಗಲೆಲ್ಲ ಆ ಹೆಂಗಸಿನ ನೆನಪೂ ಬರುತ್ತಿತ್ತು, ಎರಡೂ ಒಟ್ಟಿಗೆ. ನಾನು ಸಂತೋಷವಾಗಿದ್ದೇನೋ ಸಂಕಟದಲ್ಲಿದ್ದೇನೋ ಎಂದು ನನಗೇ ತಿಳಿಯದೆ ಊಟದ ಹೊತ್ತಿನಲ್ಲಿ ಮತ್ತೆ ಮತ್ತೆ ಆ ಫೋಟೋ ತೆರೆದು ಮುಚ್ಚುತ್ತಿದ್ದೆ. ಒಂದು ದಿನ ಗೆರೆ ತಪ್ಪಿ ಎಳೆದೆ, ಪಕ್ಕದವನು ನೋಡಿ ಕೈ ಹಿಡಿದ.

ಬಿಸಿಲು ಚೆನ್ನಾಗಿ ಕಾಯುತ್ತಿತ್ತು. ಹೆಂಡತಿ ದಿನಾ ಒಂದು ಸಲ ಆಕಾಶ ನೋಡಿ ನನ್ನ ಕಡೆ ನೋಡುತ್ತಿದ್ದಳು. ಹೋಗಿ ಎಂದು ಮತ್ತೆ ಹೇಳಲಿಲ್ಲ. ಒಂಬತ್ತನೇ ದಿನ, ಭಾನುವಾರ, ನಾನು ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಮಾತು ಜೋಡಿಸಿದೆ, ಕೆಡವಿದೆ. ಹೋದಾಗ ಗಂಡ ಹೆಂಡತಿ ಇಬ್ಬರೂ ಹೊಲದಲ್ಲೇ ಇದ್ದರು, ಭಾನುವಾರ ಅವನಿಗೆ ಕೂಲಿ ಇಲ್ಲ. ಬೇವಿನ ಮರದ ಕೆಳಗೆ ಒಂದು ಕಾಲು ಚಾಚಿ ಕೂತಿದ್ದ. ಜೋಡಿಸಿದ್ದ ಮಾತೊಂದೂ ನೆನಪಿಗೆ ಬರಲಿಲ್ಲ. ನಾನು ಫ್ಯಾನಿನವನಲ್ಲ, ಪ್ಯಾಂಟು ಹೊಲಿಯುವ ಕಡೆಯವನು, ಫೋಟೋ ತೆಗೆಯುವ ಹುಚ್ಚು, ಆ ಕಲ್ಲು ಕ್ಯಾಮೆರಾ ಇಡುವ ಗುರುತು ಅಷ್ಟೇ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಗಂಡ ನನ್ನ ಮುಖವನ್ನೂ ನೋಡಲಿಲ್ಲ, ಹೆಂಡತಿಯ ಮುಖವನ್ನೂ ನೋಡಲಿಲ್ಲ. ಬೀಡಿ ಹಚ್ಚಿದ. ಅವನು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಕೆ ಮೊದಲು ನಂಬಲಿಲ್ಲ. ಬೇರೆಯವರ ಹೊಲ ಆರಿಸಿಕೊಂಡಿದ್ದೀರಿ, ನೋಯಿಸಬಾರದು ಎಂದು ಹೀಗೆ ಹೇಳುತ್ತಿದ್ದೀರಿ ಎಂದಳು. ನಾನು ಕ್ಯಾಮೆರಾ ತೆಗೆದು ಪರದೆಯಲ್ಲಿ ಫೋಟೋ ತೋರಿಸಿದೆ. ಬಿಸಿಲಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಬೆಟ್ಟ ಗುರುತಿಸಿದಳು, ಪಕ್ಕದವರ ಬೆಳೆ ಗುರುತಿಸಿದಳು. ನಡುವಿನ ಕೆಂಪಿನ ಮೇಲೆ ಬೆರಳಿಟ್ಟು, ಇದು ನಮ್ಮದು ಎಂದಳು. ಹೌದು ಎಂದೆ.

“ಕೆಲ್ಸ ಇಲ್ದೇನೆ ಇನ್ನೊಬ್ರ ಒಲನ ಯಾರ್ ಸಾರ್ ಅಷ್ಟೊತ್ತು ನೋಡ್ತಾರೆ? ನೀವ್ಯಾಕೆ ನೋಡಿದ್ರಿ?”

ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ಚಂದ ಇದೆ ಎಂದು, ಎನ್ನಬೇಕಿತ್ತು. ಆ ಬೋಳು ಹೊಲದಲ್ಲಿ ನಿಂತು ಆ ಮಾತು ಆಡಲು ನನಗೆ ಬಾಯಿ ಬರಲಿಲ್ಲ. ಈಗಲಾದರೂ ಹುರುಳಿ ಹಾಕಿರಮ್ಮ, ನಾನೂ ನಿಂತು ಕೈಜೋಡಿಸುತ್ತೇನೆ ಎಂದು ಮಾತು ತಿರುಗಿಸಿದೆ. ಆಕೆ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡಳು, ಮುಷ್ಟಿ ಬಿಗಿದು ಬಿಚ್ಚಿದಳು. ಮಣ್ಣು ಉಂಡೆಯಾಗಲಿಲ್ಲ. ಬೆರಳ ಸಂದಿಯಿಂದ ಹುಡಿಯಾಗಿ ಸುರಿದು, ಗಾಳಿಗೆ ಪಕ್ಕಕ್ಕೆ ಹೋಯಿತು.

ಆಮೇಲೆ ಆಕೆ ಕೈ ಕೊಡವಿಕೊಂಡು ಇನ್ನೊಂದು ಪ್ರಶ್ನೆ ಕೇಳಿದಳು. ನಾವು ಹೀಗೆ ತಿಳಿದುಕೊಂಡಿದ್ದೇವೆ ಎಂದು ನಿಮಗೆ ಯಾವತ್ತು ಗೊತ್ತಾಯಿತು ಎಂದು. ಸುಳ್ಳು ಹೇಳಬಹುದಿತ್ತು. ನಿನ್ನೆ ಎನ್ನಬಹುದಿತ್ತು. ಹೋದ ಸಲ ಬಂದಿದ್ದೆನಲ್ಲ, ಆವತ್ತೇ, ನೀವು ಕೇಳಿದಾಗಲೇ ಎಂದೆ. ಮರದ ಕೆಳಗೆ ಕೂತಿದ್ದ ಗಂಡ ಬೀಡಿ ಕೆಳಗಿಟ್ಟು ಮೊದಲ ಸಲ ನನ್ನನ್ನು ನೋಡಿದ.

“ಅವತ್ತು ನೆಲದಾಗೆ ಅದ ಇತ್ತಲ್ಲ ಸಾರ್” ಎಂದಳು ಆಕೆ.